ಬ್ರೇಜಿಂಗ್ ಬೆಸುಗೆಯಲ್ಲಿನ ಟೊಳ್ಳುಗಳ ಪತ್ತೆ

ಬ್ರೇಜಿಂಗ್ ಬೆಸುಗೆಯಲ್ಲಿನ ಟೊಳ್ಳುಗಳ ಪತ್ತೆ ಎಂದರೆ, ಬ್ರೇಜಿಂಗ್ ವಿಧಾನದಿಂದ ಕೂಡಿಸಿದ ಲೋಹದ ಭಾಗಗಳ ನಡುವೆ ಉಳಿದಿರುವ ಖಾಲಿ ಜಾಗಗಳನ್ನು ಭಾಗವನ್ನು ಕತ್ತರಿಸದೆಯೇ ಚಿತ್ರಣ ತಂತ್ರಗಳಿಂದ ಗುರುತಿಸುವ ಕಾರ್ಯ. ಇದು ವಿನಾಶರಹಿತ ಪರೀಕ್ಷೆಯ ಒಂದು ಪ್ರಕಾರ. ಕ್ಷ-ಕಿರಣ ಚಿತ್ರಣ, ಶ್ರವಣಾತೀತ ತರಂಗ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಮತ್ತು ಉಷ್ಣಚಿತ್ರಣ ಇದರ ಮುಖ್ಯ ವಿಧಾನಗಳು.

ಟೊಳ್ಳು ಉಂಟಾಗುವ ಕಾರಣಗಳು

ಬ್ರೇಜಿಂಗ್‌ನಲ್ಲಿ 450 °ಸೆ.ಗಿಂತ ಹೆಚ್ಚಿನ, ಆದರೆ ಮೂಲ ಲೋಹದ ಕರಗುವ ಬಿಂದುವಿಗಿಂತ ಕಡಿಮೆ ತಾಪದಲ್ಲಿ ಕರಗುವ ಪೂರಕ ಲೋಹವನ್ನು ಬಳಸಲಾಗುತ್ತದೆ. ಕರಗಿದ ಪೂರಕ ಲೋಹವು ಕೇಶಾಕರ್ಷಣೆಯಿಂದ ಭಾಗಗಳ ನಡುವಿನ ಕಿರಿದಾದ ಸಂದಿನೊಳಗೆ ಹರಿಯುತ್ತದೆ. ಈ ಸಂದಿನ ಅಗಲ ಸಾಮಾನ್ಯವಾಗಿ 0.05ರಿಂದ 0.15 ಮಿ.ಮೀ. ಇರುತ್ತದೆ. ಮೇಲ್ಮೈಯಲ್ಲಿ ಎಣ್ಣೆ ಅಥವಾ ಆಕ್ಸೈಡ್ ಉಳಿದಿದ್ದರೆ, ಸಂದಿನ ಅಗಲ ಅಸಮವಾಗಿದ್ದರೆ, ಬಿಳಿಗಾರದಂತಹ ಫ್ಲಕ್ಸ್ ಅಥವಾ ಅನಿಲ ಒಳಗೇ ಸಿಕ್ಕಿಕೊಂಡರೆ ಅಲ್ಲಿ ಟೊಳ್ಳು ಉಳಿಯುತ್ತದೆ. ಬೆಸುಗೆಯ ಅಂಚು ಹೊರಗಿನಿಂದ ಪೂರ್ಣವಾಗಿ ಕಂಡರೂ ಒಳಭಾಗ ಖಾಲಿ ಇರಬಹುದು. ಆದ್ದರಿಂದ ಕಣ್ಣಳತೆಯ ತಪಾಸಣೆ ಸಾಲದು.

ವಿಧಾನಗಳು

ಕ್ಷ-ಕಿರಣ ಚಿತ್ರಣ: ಟೊಳ್ಳಿರುವ ಕಡೆ ಕಿರಣಗಳು ಕಡಿಮೆ ಹೀರಲ್ಪಡುವುದರಿಂದ ಫಿಲ್ಮ್‌ನಲ್ಲಿ ಆ ಭಾಗ ಹೆಚ್ಚು ಕಪ್ಪಾಗಿ ಕಾಣುತ್ತದೆ. ಟೊಳ್ಳು ತೆಳುವಾಗಿರುವುದೇ ಇಲ್ಲಿನ ಮುಖ್ಯ ತೊಡಕು. ಒಟ್ಟು 10 ಮಿ.ಮೀ. ದಪ್ಪದ ಉಕ್ಕಿನಲ್ಲಿ 0.1 ಮಿ.ಮೀ. ಟೊಳ್ಳು ಕೇವಲ 1% ವ್ಯತ್ಯಾಸವನ್ನು ಉಂಟುಮಾಡುತ್ತದೆ. ಸಾಮಾನ್ಯ ಕ್ಷ-ಕಿರಣ ಚಿತ್ರಣದಲ್ಲಿ ಸುಮಾರು 2%ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಗುರುತಿಸುವುದು ಕಷ್ಟ. ಪೂರಕ ಲೋಹದಲ್ಲಿ ಬೆಳ್ಳಿಯಿದ್ದರೆ ಅದು ಕಬ್ಬಿಣಕ್ಕಿಂತ ಹೆಚ್ಚು ಕಿರಣಗಳನ್ನು ಹೀರುವುದರಿಂದ ವ್ಯತ್ಯಾಸ ಸ್ವಲ್ಪ ಸ್ಪಷ್ಟವಾಗುತ್ತದೆ.

ಶ್ರವಣಾತೀತ ತರಂಗ ಪರೀಕ್ಷೆ: ಲೋಹ ಮತ್ತು ಅನಿಲ ಸೇರುವ ಮೇಲ್ಮೈಯಿಂದ ಈ ತರಂಗಗಳು ಬಹುಪಾಲು ಹಿಂದಿರುಗುತ್ತವೆ. 10 ಮೆಗಾಹರ್ಟ್ಸ್‌ನಲ್ಲಿ ಉಕ್ಕಿನೊಳಗಿನ ತರಂಗಾಂತರ ಸುಮಾರು 0.6 ಮಿ.ಮೀ. ಆಗಿದ್ದರೂ, ಅದಕ್ಕಿಂತ ಬಹಳ ತೆಳುವಾದ ಟೊಳ್ಳು ಕೂಡ ಪ್ರಬಲ ಪ್ರತಿಧ್ವನಿಯನ್ನು ನೀಡುತ್ತದೆ. ಭಾಗವನ್ನು ನೀರಿನಲ್ಲಿ ಮುಳುಗಿಸಿ, ಶೋಧಕವನ್ನು ಸಾಲುಸಾಲಾಗಿ ಚಲಿಸಿ, ಬೆಸುಗೆಯ ನಕ್ಷೆಯಂತಹ ಚಿತ್ರವನ್ನು ಪಡೆಯಲಾಗುತ್ತದೆ. ಇದಕ್ಕೆ ಸಿ-ಸ್ಕ್ಯಾನ್ ಎಂದು ಹೆಸರು. ಚಪ್ಪಟೆಯಾದ ಬೆಸುಗೆಗಳಿಗೆ ಇದು ಬಹಳ ಸೂಕ್ತ. ಆದರೆ ಅಂಟಿಕೊಳ್ಳದೆ ಕೇವಲ ತಾಗಿಕೊಂಡಿರುವ ಜಾಗಗಳು ಇದರ ಕಣ್ತಪ್ಪಿಸಬಹುದು.

ಸಿ.ಟಿ. ಸ್ಕ್ಯಾನ್: ಭಾಗವನ್ನು ತಿರುಗಿಸುತ್ತ ಹಲವು ಕೋನಗಳಿಂದ ಪಡೆದ ಕ್ಷ-ಕಿರಣ ಚಿತ್ರಗಳಿಂದ ಗಣಕವು ಮೂರು ಆಯಾಮದ ಚಿತ್ರವನ್ನು ರಚಿಸುತ್ತದೆ. ಟೊಳ್ಳಿನ ಆಕಾರ ಮತ್ತು ಆಳ ಎರಡೂ ತಿಳಿಯುತ್ತವೆ. ಭಾಗ ದೊಡ್ಡದಾದಷ್ಟೂ ಚಿತ್ರದ ಸೂಕ್ಷ್ಮತೆ ಕುಗ್ಗುತ್ತದೆ.

ಉಷ್ಣಚಿತ್ರಣ: ಮೇಲ್ಮೈಯನ್ನು ಮಿಂಚುದೀಪದಿಂದ ಕ್ಷಣಕಾಲ ಬಿಸಿಮಾಡಿ ಅವಕೆಂಪು ಕ್ಯಾಮೆರಾದಿಂದ ಗಮನಿಸಲಾಗುತ್ತದೆ. ಟೊಳ್ಳು ಶಾಖದ ಹರಿವನ್ನು ತಡೆಯುವುದರಿಂದ ಅದರ ಮೇಲಿನ ಭಾಗ ನಿಧಾನವಾಗಿ ತಣಿಯುತ್ತದೆ. ತೆಳು ಹಾಳೆಗಳ ಬೆಸುಗೆಗೆ ಈ ವಿಧಾನ ಅನುಕೂಲ.

ಫಲಿತಾಂಶದ ಮೌಲ್ಯಮಾಪನ

ಟೊಳ್ಳುಗಳ ಒಟ್ಟು ವಿಸ್ತೀರ್ಣ, ಅತಿದೊಡ್ಡ ಟೊಳ್ಳಿನ ಅಳತೆ ಮತ್ತು ಅದರ ಸ್ಥಾನವನ್ನು ಪರಿಗಣಿಸಿ ಬೆಸುಗೆಯನ್ನು ಒಪ್ಪಲಾಗುತ್ತದೆ ಅಥವಾ ತಿರಸ್ಕರಿಸಲಾಗುತ್ತದೆ. ಸೋರಿಕೆಯಾಗಬಾರದ ಬೆಸುಗೆಯಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾದುಹೋಗುವ ಕಿರಿದಾದ ಟೊಳ್ಳು, ಮಧ್ಯದಲ್ಲಿರುವ ದೊಡ್ಡ ಟೊಳ್ಳಿಗಿಂತ ಹೆಚ್ಚು ಅಪಾಯಕಾರಿ.

ಮಹತ್ವ

ರಾಕೆಟ್ ಎಂಜಿನ್, ಶಾಖ ವಿನಿಮಯಕ ಮತ್ತು ಕಾರ್ಬೈಡ್ ತುದಿಯ ಉಪಕರಣಗಳಲ್ಲಿ ಬ್ರೇಜಿಂಗ್ ವ್ಯಾಪಕವಾಗಿ ಬಳಕೆಯಲ್ಲಿದೆ. 1999ರ ಮೇ ತಿಂಗಳಲ್ಲಿ ಅಮೆರಿಕದ ಡೆಲ್ಟಾ 3 ರಾಕೆಟ್‌ನ ಎರಡನೆಯ ಉಡಾವಣೆಯಲ್ಲಿ ಮೇಲಿನ ಹಂತದ ಆರ್‌ಎಲ್10ಬಿ-2 ಎಂಜಿನ್‌ನ ದಹನ ಕೋಷ್ಠ ಬಿರಿಯಿತು. ಒರಾಯನ್ 3 ಸಂಪರ್ಕ ಉಪಗ್ರಹವು ಉಪಯೋಗಕ್ಕೆ ಬಾರದ ಕೆಳಕಕ್ಷೆಯಲ್ಲಿ ಉಳಿಯಿತು. ದಹನ ಕೋಷ್ಠದ ದೋಷಪೂರಿತ ಬ್ರೇಜಿಂಗ್ ಇದಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂದಿತು.