ಸಣ್ಣ ಮೋಟಾರು ದೋಣಿ: ನೀರಿನ ಲೆಕ್ಕ ತಪ್ಪಿದರೆ ಅಪಾಯ

ಕಾರವಾರ ಸಮೀಪದ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ಅಸುನೀಗಿದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ಆಗ ವರದಿಯಾಗಿತ್ತು. ಕರಾವಳಿಯ ಅಳಿವೆಗಳಲ್ಲೂ ಜಲಾಶಯಗಳ ಹಿನ್ನೀರಿನಲ್ಲೂ ಪ್ರವಾಸಿಗರನ್ನು ಕರೆದೊಯ್ಯುವ ಸಣ್ಣ ಮೋಟಾರು ದೋಣಿಗಳ ಸುರಕ್ಷತೆ ಕೆಲವು ಸರಳ ಸಂಗತಿಗಳನ್ನು ಅವಲಂಬಿಸಿದೆ. ಎಂಜಿನ್ನಿನಲ್ಲಿ ನೀರು ಹರಿಯುತ್ತಿರಬೇಕು. ದೋಣಿಯಲ್ಲಿ ನೀರು ನಿಲ್ಲಬಾರದು.

ಎಂಜಿನ್ ತಂಪಾಗುವ ಬಗೆ

ದೋಣಿಯ ಹಿಂಬದಿಗೆ ಜೋಡಿಸುವ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಾರಿನಲ್ಲಿರುವಂತಹ ರೇಡಿಯೇಟರ್ ಇರುವುದಿಲ್ಲ. ನೀರಿನಲ್ಲಿ ಮುಳುಗಿರುವ ಕೆಳಭಾಗದ ರಂಧ್ರಗಳ ಮೂಲಕ ಹೊರಗಿನ ನೀರನ್ನೇ ಒಳಗೆ ಎಳೆದು, ರಬ್ಬರ್ ರೆಕ್ಕೆಗಳ ಪಂಪು ಅದನ್ನು ಎಂಜಿನ್ನಿನ ಸುತ್ತ ಹಾಯಿಸುತ್ತದೆ. ಆ ನೀರಿನ ಒಂದು ಪಾಲು ಹಿಂಬದಿಯ ಸಣ್ಣ ತೂತಿನಿಂದ ಧಾರೆಯಾಗಿ ಚಿಮ್ಮುತ್ತದೆ.

ಈ ಧಾರೆಯೇ ಚಾಲಕನಿಗೆ ಮೊದಲ ಸೂಚನೆ. ಅದು ಕ್ಷೀಣಿಸಿದರೆ ಅಥವಾ ನಿಂತರೆ ಕಸ, ಪ್ಲಾಸ್ಟಿಕ್, ಮರಳು ಸಿಕ್ಕಿಕೊಂಡಿರಬಹುದು. ರಬ್ಬರ್ ರೆಕ್ಕೆ ಸವೆದಿರಲೂಬಹುದು. ಸುರಕ್ಷಿತ ಸ್ಥಳದಲ್ಲಿ ಬೇಗನೆ ಎಂಜಿನ್ ನಿಲ್ಲಿಸಿ ಪರೀಕ್ಷಿಸಬೇಕು. ನಿರ್ಲಕ್ಷಿಸಿದರೆ ಎಂಜಿನ್ ಕಾದು ಅಳಿವೆಯ ನಡುವೆಯೇ ಕೈಕೊಡಬಹುದು. ನೀರಿಲ್ಲದೆ ಎಂಜಿನ್ ಚಾಲೂ ಮಾಡಿದರೆ ಪಂಪಿನ ರೆಕ್ಕೆಗಳು ಅಲ್ಪಕಾಲದಲ್ಲೇ ಹಾಳಾಗುತ್ತವೆ. ಸಮುದ್ರದಲ್ಲಿ ಓಡಿಸಿದ ಬಳಿಕ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವುದು ಅಗತ್ಯ.

ತಳದ ನೀರು

ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಒಂದು ಅಂಗುಲ ವ್ಯಾಸದ ರಂಧ್ರವಿದ್ದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಗಂಟೆಗೆ 500 ಅಮೆರಿಕನ್ ಗ್ಯಾಲನ್ ಸಾಮರ್ಥ್ಯದ ಪಂಪು ನಿಮಿಷಕ್ಕೆ ಹೊರಹಾಕುವುದು ಹೆಚ್ಚೆಂದರೆ 32 ಲೀಟರ್. ಆದ್ದರಿಂದ ಪಂಪೊಂದನ್ನೇ ನಂಬದೆ ಬಕೆಟ್ಟನ್ನೂ ಇಟ್ಟುಕೊಳ್ಳಬೇಕು. ದೋಣಿಯನ್ನು ನೀರಿಗಿಳಿಸುವ ಮುನ್ನ ತಳದ ನೀರು ಬಸಿಯುವ ತೂತಿನ ಬಿರಡೆ ಭದ್ರವಾಗಿದೆಯೇ ಎಂದು ನೋಡುವುದನ್ನು ಮರೆಯಬಾರದು.

ಒಳಗೆ ನಿಂತ ನೀರು ಕೇವಲ ಭಾರವಲ್ಲ. ದೋಣಿ ಒಂದು ಬದಿಗೆ ವಾಲಿದಾಗ ನೀರೂ ಅದೇ ಬದಿಗೆ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ಅದೇ ವೇಳೆ ಪ್ರಯಾಣಿಕರೂ ಫೋಟೊ ತೆಗೆಯಲೆಂದು ಒಂದೇ ಕಡೆಗೆ ಎದ್ದು ನಿಂತರೆ ದೋಣಿ ಮಗುಚಬಹುದು. ನದಿಯ ಇಳಿತದ ಸೆಳೆತಕ್ಕೆ ಕಡಲಿನ ಅಲೆಗಳು ಎದುರಾಗುವ ಅಳಿವೆಯ ಬಾಯಿಯಲ್ಲಿ ಅಲೆಗಳು ಕಡಿದಾಗಿ ಏಳುವುದರಿಂದ ಅಲ್ಲಿ ಈ ಅಪಾಯ ಅಧಿಕ.

ಹೊರಡುವ ಮುನ್ನ

* ಪ್ರತಿಯೊಬ್ಬರೂ ಲೈಫ್ ಜಾಕೆಟ್ ಧರಿಸಿರಬೇಕು. ಆಸನದಡಿ ಕಟ್ಟಿಟ್ಟ ಜಾಕೆಟ್ ಅಪಘಾತದ ಗಳಿಗೆಯಲ್ಲಿ ಕೈಗೆಟುಕುವುದಿಲ್ಲ. ಮಕ್ಕಳಿಗೆ ಅವರ ಅಳತೆಯದೇ ಬೇಕು.
* ಎಂಜಿನ್ ಸ್ಥಗಿತಗೊಳಿಸುವ ಸುರಕ್ಷಾ ಹಗ್ಗವನ್ನು ಚಾಲಕ ಮೈಗೆ ಸಿಕ್ಕಿಸಿಕೊಳ್ಳಬೇಕು. ಆತ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುತ್ತದೆ.
* ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿದ್ದು ದೋಣಿಯ ತಳದಲ್ಲಿ ಶೇಖರವಾಗುತ್ತದೆ. ವಾಸನೆ ಇದ್ದರೆ ಎಂಜಿನ್ ಚಾಲೂ ಮಾಡಬಾರದು.
* ಹುಟ್ಟು, ಲಂಗರು, ಹಗ್ಗ, ಸೀಟಿ, ಟಾರ್ಚ್ ಇರಬೇಕು.

ಒಳನಾಡು ಜಲಮಾರ್ಗಗಳ ಯಾಂತ್ರಿಕ ದೋಣಿಗಳ ತಪಾಸಣೆ ಮತ್ತು ನೋಂದಣಿಗಾಗಿ 1917ರ ಕಾಯ್ದೆಯ ಬದಲು 2021ರಲ್ಲಿ ಹೊಸ ಕಾಯ್ದೆ ರೂಪುಗೊಂಡಿದೆ. ಆದರೆ ದಡದಲ್ಲಿ ನಿಂತಿರುವ ದೋಣಿಗೆ ಎಷ್ಟು ಜನ ಏರಬೇಕೆಂಬುದು ಆ ಕ್ಷಣದ ತೀರ್ಮಾನ. ದೋಣಿ ತುಂಬಿದ್ದರೆ ಮುಂದಿನ ಸರದಿಗೆ ಕಾಯುವುದೇ ಪ್ರಯಾಣಿಕರ ಕೈಯಲ್ಲಿರುವ ಸುಲಭ ರಕ್ಷಣೆ.