ಮಲೆನಾಡಿನ ಜೀಪೂ ಅದರ ಮೂಲಯಂತ್ರವೂ

ಕೆಂಚಮ್ಮನ ಹೊಸಕೋಟೆಯಿಂದ ಸಕಲೇಶಪುರದ ಕಡೆಗೆ ಹಬ್ಬಿರುವ ಕಾಫಿಯ ತೋಟಗಳಲ್ಲಿ ಜೀಪೆಂಬ ವಾಹನವು ಎತ್ತಿನ ಗಾಡಿಯಷ್ಟೇ ಮನೆಯ ವಸ್ತುವಾಗಿಹೋದುದರಿಂದ, ಅದು ಯುದ್ಧಕ್ಕಾಗಿ ಹುಟ್ಟಿದುದೆಂಬ ಸಂಗತಿಯು ಅನೇಕರಿಗೆ ಮರೆತಂತಾಗಿದೆ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ನಿರ್ಮಿಸಿದವು. ಯುದ್ಧಾನಂತರ ಸೈನ್ಯಕ್ಕೆ ಬೇಡವಾದವು ನಮ್ಮ ದೇಶದಲ್ಲಿಯೂ ಮಾರಾಟವಾದವು; ಮುಂಬಯಿಯಲ್ಲಿ ಜೀಪಿನ ಜೋಡಣೆಯೂ ಆರಂಭವಾಯಿತು. ನಾಲ್ಕು ಚಕ್ರಗಳಿಗೂ ಬಲವನ್ನೀಯುವ ಬಂಡಿಯು ಕೆಸರಿನ ಏರುದಾರಿಗೆ ಎಷ್ಟು ಒದಗುವುದೆಂಬುದನ್ನು ಆಷಾಢದಲ್ಲಿ ಈ ಸೀಮೆಯನ್ನು ಕಂಡವರಿಗೆ ವಿವರಿಸಬೇಕಾದುದಿಲ್ಲ.

ಅದರ ಎಂಜಿನ್ನು ಹೊಸದಾಗಿ ಕಲ್ಪಿತವಾದುದಲ್ಲ. ವಿಲ್ಲಿಸ್ ಕಾರ್ಖಾನೆಯ ಅಲ್ಪಬೆಲೆಯ ಕಾರುಗಳಲ್ಲಿದ್ದ 48 ಅಶ್ವಶಕ್ತಿಯ ಯಂತ್ರವನ್ನೇ ಬಾರ್ನಿ ರೂಸ್ ಎಂಬ ಎಂಜಿನಿಯರು ತಿದ್ದಿ ತೀಡಿ 60ಕ್ಕೆ ಏರಿಸಿದನು. ಸಿಲಿಂಡರುಗಳು ನಾಲ್ಕು, ವ್ಯಾಸ 3⅛ ಅಂಗುಲ, ಪಿಸ್ಟನ್ನಿನ ಓಟ 4⅜ ಅಂಗುಲ. ವಾಲ್ವುಗಳೆಲ್ಲವೂ ಸಿಲಿಂಡರಿನ ಪಕ್ಕದಲ್ಲಿರುವುದರಿಂದ ಮೇಲಣ ಹೆಡ್ಡು ಬರಿಯ ಮುಚ್ಚಳ. ಅದನ್ನು ಕಳಚಿದರೆ, ಎಂಜಿನ್ನನ್ನು ಬಂಡಿಯಿಂದ ಇಳಿಸದೆಯೇ ವಾಲ್ವುಗಳನ್ನು ಅರೆದು ಕೂರಿಸಬಹುದು. ಮುನ್ನಿನ ಫೋರ್ಡ್ ಟಿ ಕಾರಿನಲ್ಲಿ ಬೇರಿಂಗಿಗೆ ಬಿಳಿಲೋಹವನ್ನು ಕರಗಿಸಿ ಎರೆದು, ಹೆರೆದು ಹೊಂದಿಸಬೇಕಾಗಿತ್ತು. ಇಲ್ಲಿ ಸಿದ್ಧವಾದ ಚಿಪ್ಪುಗಳನ್ನು ಬದಲಿಸಿದರಾಯಿತು. ಸೈನಿಕರಿಗೆ ಬಯಲಿನಲ್ಲಿ ಸುಲಭವೆನಿಸಿದುದು ತೋಟದ ಮನೆಯಂಗಳದಲ್ಲಿಯೂ ಸುಲಭವಾಯಿತು.

ಆದರೆ ಮಲೆನಾಡಿನಲ್ಲಿ ಈ ಯಂತ್ರಕ್ಕೆ ದುಡಿಮೆಗಿಂತ ವಿಶ್ರಾಂತಿಯೇ ಹೆಚ್ಚು ಕೇಡು. ನಿಂತ ಎಂಜಿನ್ನಿನಲ್ಲಿ ಒಂದಲ್ಲ ಒಂದು ಸಿಲಿಂಡರಿನ ವಾಲ್ವು ತೆರೆದೇ ಇರುತ್ತದೆ. ಕೊಟ್ಟಿಗೆಯಲ್ಲಿ ನಾಲ್ಕು ಮಳೆಗಾಲ ಕಳೆದರೆ ತೇವವು ಆ ದಾರಿಯಿಂದ ಒಳಹೊಕ್ಕು ಪಿಸ್ಟನ್ನನ್ನು ತುಕ್ಕಿನಿಂದ ಬಂಧಿಸುತ್ತದೆ. ನೆರೆಯ ಸಿಲಿಂಡರು ನಿರ್ಮಲವಾಗಿಯೇ ಉಳಿದಿರಬಹುದು. ಅಲ್ಲಿ ಸುತ್ತಿಗೆಯನ್ನೆತ್ತುವುದು ಅವಿವೇಕ; ಸೀಮೆಯೆಣ್ಣೆ ಹೊಯ್ದು ದಿನಗಟ್ಟಲೆ ನೆನೆಹಾಕಬೇಕು. ಸಿಲಿಂಡರಿನ ಮೇಲುಗಡೆ ಸವೆಯದೆ ಉಬ್ಬಿ ನಿಂತ ಅಂಚನ್ನು ಕೆರೆದು ತೆಗೆಯದೆ ಪಿಸ್ಟನ್ನನ್ನು ಮೇಲಕ್ಕೆ ನೂಕಿದರೆ ರಿಂಗುಗಳು ಮುರಿಯಬಹುದು. ಬೇರಿಂಗಿನ ಕ್ಯಾಪುಗಳನ್ನು ತಮ್ಮ ತಮ್ಮ ಜೊತೆಯೊಡನೆಯೇ ಕೊರೆದಿರುವುದರಿಂದ, ಬಿಚ್ಚುವಾಗಲೇ ಗುರುತು ಹಾಕದಿದ್ದರೆ ಜೋಡಿ ತಪ್ಪಿ ಅನರ್ಥವಾಗುತ್ತದೆ. ಸಿಲಿಂಡರನ್ನು ಕೊರೆಯುವುದೂ ಕ್ರ್ಯಾಂಕನ್ನು ಸಾಣೆಹಿಡಿಯುವುದೂ ಮಾತ್ರ ಪಟ್ಟಣದ ಕಾರ್ಖಾನೆಗೆ ಸೇರಿದ ಕೆಲಸ. ಅದಕ್ಕೂ ಮಿತಿಯುಂಟು. ಅಂಗುಲದ ಸಹಸ್ರಾಂಶದ ಲೆಕ್ಕದಲ್ಲಿ 10, 20, 30, 40ರಷ್ಟು ದೊಡ್ಡ ಪಿಸ್ಟನ್ನುಗಳಿದ್ದರೂ, ಕೊರೆದ ಕಬ್ಬಿಣವು ಮರಳಿ ಬಾರದು. ಅಗತ್ಯಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಕೊರೆಯಿಸಿದವನು ಮೊಮ್ಮಕ್ಕಳ ಪಾಲನ್ನು ತಿಂದಂತೆ.

ಪೆಟ್ರೋಲಿನ ಬೆಲೆ ಏರಿದಂತೆ ಎಷ್ಟೋ ಜೀಪುಗಳ ಮೂಲಯಂತ್ರವನ್ನು ಕಿತ್ತು ಡೀಸೆಲ್ ಯಂತ್ರವನ್ನು ಕೂರಿಸಿದರು. ತೋಟದ ಲೆಕ್ಕದಲ್ಲಿ ಅದು ತಪ್ಪೆನ್ನಲಾಗದು. ಆದರೆ 2021ರ ಜುಲೈಯಲ್ಲಿ ಹೊರಟ ಕೇಂದ್ರ ಸರಕಾರದ ನಿಯಮವು, 50 ವರ್ಷ ಮೀರಿಯೂ ಮೂಲರೂಪದಲ್ಲಿಯೇ ಉಳಿದು ದೊಡ್ಡ ಮಾರ್ಪಾಡಿಗೆ ಒಳಗಾಗದ ವಾಹನವನ್ನೇ ‘ವಿಂಟೇಜ್’ ಎಂದು ಗಣಿಸುತ್ತದೆ. ಹಾಗೆ ನೋಂದಾಯಿತವಾದ ಬಂಡಿಯನ್ನು ಪ್ರದರ್ಶನವೇ ಮುಂತಾದುವಕ್ಕಲ್ಲದೆ ನಿತ್ಯಸಂಚಾರಕ್ಕೆ ಬಳಸುವಂತಿಲ್ಲ. ಗೊಬ್ಬರವನ್ನೂ ಕಾಫಿಯ ಮೂಟೆಯನ್ನೂ ಹೊತ್ತ ಜೀಪಿಗೆ ಈ ಗೌರವವು ಒಂದು ಬಗೆಯ ನಿವೃತ್ತಿಯೇ ಸರಿ. ಹಳೆಯ ಎಂಜಿನ್ನನ್ನು ಗುಜರಿಗೆ ಹಾಕದೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟುಕೊಂಡವರು ಅದನ್ನು ಬಿಚ್ಚುವ ಮುನ್ನ, ಬ್ಲಾಕಿನ ಮುಂಭಾಗದಲ್ಲಿ ಒತ್ತಿರುವ ಸಂಖ್ಯೆಯನ್ನು ಉಜ್ಜಿ ಅಳಿಸದೆ, ಬಟ್ಟೆಯಿಂದ ಒರಸಿ, ಓದಿ, ಬರೆದಿಟ್ಟುಕೊಳ್ಳತಕ್ಕದ್ದು.