ಪಾಠ ಹೇಳಿದ್ದಾಯಿತು, ಕಲಿತದ್ದೆಷ್ಟು?

ಬಿ.ಎಡ್. ತರಬೇತಿಯ ವರ್ಷ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಒಂದೊಂದು ಅಭ್ಯಾಸ ಪಾಠಕ್ಕೂ ಹಿಂದಿನ ರಾತ್ರಿ ಕುಳಿತು ಪಾಠಯೋಜನೆ ಬರೆಯಬೇಕಾಗಿತ್ತು. ಪೀಠಿಕೆಯ ಪ್ರಶ್ನೆಗಳು, ವಿಷಯ ನಿರೂಪಣೆ, ಕಪ್ಪುಹಲಗೆಯ ಕೆಲಸ, ಮೌಲ್ಯಮಾಪನ ಎಂದು ಗೆರೆ ಎಳೆದು ಹಾಳೆ ತುಂಬಬೇಕು. ಮರುದಿನ ತರಗತಿಯ ಕೊನೆಯ ಬೆಂಚಿನಲ್ಲಿ ಮೇಲ್ವಿಚಾರಕರು ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತಿರುತ್ತಿದ್ದರು. ಮಕ್ಕಳಿಗೆ ಬೆನ್ನು ತಿರುಗಿಸಿ ಬರೆದರೂ ತಪ್ಪು, ಹೌದು-ಅಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳಿದರೂ ತಪ್ಪು. ಒಂಬತ್ತನೆಯ ತರಗತಿಗೆ ಪಾಠ ಹೇಳಲು ಇಷ್ಟೆಲ್ಲ ಸಿದ್ಧತೆ!

ಅದಕ್ಕೆ ಮುಂಚೆ ನಾನು ಬಿ.ಎಸ್ಸಿ. ತರಗತಿಯಲ್ಲಿ ಕುಳಿತಿದ್ದವನು. ಅಲ್ಲಿ ನಮಗೆ ಪಾಠ ಹೇಳುತ್ತಿದ್ದವರು ವಿದ್ವಾಂಸರು, ಸಜ್ಜನರು. ಆದರೆ ಅವರಲ್ಲಿ ಕೆಲವರ ಟಿಪ್ಪಣಿಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಅವರು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು, ಗಂಟೆ ಹೊಡೆಯುತ್ತಿತ್ತು. ನಮಗೆ ಏನು ತಿಳಿಯಿತು ಎಂದು ಕೇಳುವವರಿರಲಿಲ್ಲ. ಹೇಗೆ ಪಾಠ ಹೇಳಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ. ವಿಷಯ ಬಲ್ಲವನಿಗೆ ಬೋಧನೆ ತಾನಾಗಿ ಬರುತ್ತದೆ ಎಂಬುದು ಎಲ್ಲ ದೇಶಗಳ ವಿಶ್ವವಿದ್ಯಾಲಯಗಳ ಹಳೆಯ ನಂಬಿಕೆ. ಆ ನಂಬಿಕೆಯನ್ನು ಕೆಲವರು ಹಣ ಕೊಟ್ಟು, ಕೆಲವರು ಹಣ ಪಡೆದು, ಪರೀಕ್ಷಿಸಿ ನೋಡಿದ ಕಥೆಯನ್ನು ಇಂದು ಬರೆಯಬೇಕೆನಿಸಿದೆ.

ಕಥೆಗೆ ಮುನ್ನ ನನ್ನ ಒಂದು ಸಣ್ಣ ಅನುಭವ. ನ್ಯೂಟನ್ನನ ನಿಯಮಗಳ ಪಾಠವೆಲ್ಲ ಮುಗಿದ ಮೇಲೆ ಒಂದು ವರ್ಷ ಮಕ್ಕಳನ್ನು ಕೇಳಿದೆ: "ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೇನೆ. ಅದು ಕೈಬಿಟ್ಟು ಮೇಲೇರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಬಾಣದ ಗುರುತು ಹಾಕಿ." ಗಾಳಿಯ ತಡೆಯನ್ನು ಬಿಟ್ಟರೆ ಅಲ್ಲಿರುವುದು ಭೂಮಿಯ ಸೆಳೆತವೊಂದೇ. ಆದರೆ ಮೂರೂ ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ಮೊದಲ ಶ್ರೇಣಿಯ ಮಕ್ಕಳೂ ಮೇಲ್ಮುಖವಾಗಿ ಒಂದು ಬಾಣ ಎಳೆದು "ಕೈ ಕೊಟ್ಟ ಬಲ" ಎಂದು ಬರೆದಿದ್ದರು. ಮರುವರ್ಷವೂ ಹಾಗೆಯೇ ಆಯಿತು. ನಾನು ಅದನ್ನೊಂದು ನೋಟ್‌ಬುಕ್ಕಿನಲ್ಲಿ ದಾಖಲಿಸತೊಡಗಿದೆ. ಸುತ್ತಲಿನ ನಾಲ್ಕಾರು ಶಾಲೆಗಳಲ್ಲೂ ಈ ಪ್ರಶ್ನೆ ಕೇಳಲು ಎರಡು ಶನಿವಾರಗಳ ಅನುಮತಿ ಮತ್ತು ಜೆರಾಕ್ಸ್ ಖರ್ಚಿಗೆ ಕೆಲವು ನೂರು ರೂಪಾಯಿ ಬೇಕೆಂದು ಮೇಲಿನ ಕಚೇರಿಗೆ ಅರ್ಜಿ ಬರೆದೆ. ಅರ್ಜಿಗೆ ಉತ್ತರ ಬರಲಿಲ್ಲ. ಮುಂದಿನ ಸಭೆಯಲ್ಲಿ, "ನಿಮ್ಮ ವಿಷಯದ ಫಲಿತಾಂಶ ಶೇಕಡ ಎಷ್ಟು ಮಾಸ್ತರೇ?" ಎಂಬ ಪ್ರಶ್ನೆ ಮಾತ್ರ ಬಂತು. ನೋಟ್‌ಬುಕ್ಕು ಟ್ರಂಕು ಸೇರಿತು.

ಇಂಥದೇ ಪ್ರಶ್ನೆಗಳನ್ನು ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅದಾಗಲೇ ಕೇಳಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನೆಸ್ ಎಂಬಿಬ್ಬರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕಾಲೇಜಿನ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಸೂತ್ರಗಳ ಹಂಗಿಲ್ಲದ ಸರಳ ಪ್ರಶ್ನೆಗಳನ್ನು ಪಾಠಕ್ಕೆ ಮೊದಲೂ ನಂತರವೂ ಕೊಟ್ಟರು. ನಾಲ್ವರು ಪ್ರಾಧ್ಯಾಪಕರು ನಾಲ್ಕು ಬಗೆಯ ಶೈಲಿಯಲ್ಲಿ ಪಾಠ ಮಾಡಿದ್ದರೂ ಕಲಿಕೆಯ ಹೆಚ್ಚಳ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ಅದೂ ಅತ್ಯಲ್ಪ! 1992ರಲ್ಲಿ ಈ ಪ್ರಶ್ನೆಗಳು ಪರಿಷ್ಕೃತವಾಗಿ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಹೆಸರಿನಲ್ಲಿ ಹೊರಬಂದವು. ಆ ಲೇಖನದ ಮೂವರು ಲೇಖಕರಲ್ಲಿ ಹೆಸ್ಟೆನೆಸರನ್ನು ಬಿಟ್ಟರೆ ಉಳಿದಿಬ್ಬರು, ಮಾಲ್ಕಮ್ ವೆಲ್ಸ್ ಮತ್ತು ಗ್ರೆಗ್ ಸ್ವಾಕ್‌ಹ್ಯಾಮರ್, ಪ್ರೌಢಶಾಲಾ ಶಿಕ್ಷಕರು. ಈ ಸಂಗತಿ ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಪ್ರಯೋಗ, ಚಟುವಟಿಕೆಗಳಿಂದ ಕೂಡಿದ ಪಾಠ ಮಾಡುತ್ತಿದ್ದ ವೆಲ್ಸ್, ತಮ್ಮ ಮಕ್ಕಳೂ ಈ ಪ್ರಶ್ನೆಗಳಲ್ಲಿ ಸೋತದ್ದನ್ನು ಕಂಡು, ಅದನ್ನೇ ಡಾಕ್ಟರೇಟ್ ಅಧ್ಯಯನದ ವಿಷಯವಾಗಿಸಿಕೊಂಡರು. ಅವರ ವಿಧಾನವನ್ನು ಇತರ ಶಿಕ್ಷಕರಿಗೆ ತಲುಪಿಸುವ ಕಾರ್ಯಾಗಾರಗಳಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಅನೇಕ ವರ್ಷ ಅನುದಾನ ನೀಡಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಈ ಪ್ರಶ್ನೆಗಳ ವಿಚಾರ ಓದಿ, ತಮ್ಮ ವಿದ್ಯಾರ್ಥಿಗಳಿಗೆ ಇವು ಮಕ್ಕಳಾಟವೆಂದುಕೊಂಡೇ ಕೊಟ್ಟರು. ಒಬ್ಬ ವಿದ್ಯಾರ್ಥಿನಿ ಎದ್ದು, ತಾವು ಕಲಿಸಿದಂತೆ ಬರೆಯಬೇಕೋ ಅಥವಾ ತಾನು ನಿಜವಾಗಿ ಯೋಚಿಸುವಂತೆ ಬರೆಯಬೇಕೋ ಎಂದು ಕೇಳಿದಳಂತೆ! ಫಲಿತಾಂಶ ನೋಡಿ ಮಜೂರ್ ತಮ್ಮ ಉಪನ್ಯಾಸದ ಕ್ರಮವನ್ನೇ ಬದಲಿಸಿದರು. ಸ್ವಲ್ಪ ವಿವರಣೆ, ಒಂದು ಪ್ರಶ್ನೆ, ಪಕ್ಕದವರೊಡನೆ ಚರ್ಚೆ, ಮತ್ತೆ ಉತ್ತರ. ಶಿಷ್ಯನಿಗೆ ವಿದ್ಯೆಯ ಕಾಲುಭಾಗ ಸಹಪಾಠಿಗಳಿಂದ ಬರುತ್ತದೆ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ನೆನಪಾಗದೆ ಇರದು. 1998ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್, 62 ಕೋರ್ಸುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿ ನೋಡಿದರು. ಬರಿಯ ಉಪನ್ಯಾಸದ 14 ಕೋರ್ಸುಗಳಲ್ಲಿ, ಕಲಿಯಬಹುದಾಗಿದ್ದುದರ ಸುಮಾರು ಶೇಕಡ 23ರಷ್ಟನ್ನು ಮಾತ್ರ ವಿದ್ಯಾರ್ಥಿಗಳು ಗಳಿಸಿದ್ದರು. ಚರ್ಚೆ, ಪ್ರಶ್ನೆಗಳಿಂದ ಕೂಡಿದ 48 ಕೋರ್ಸುಗಳಲ್ಲಿ ಈ ಗಳಿಕೆ ಶೇಕಡ 48.

ಇದು ಭೌತಶಾಸ್ತ್ರದ ಮಾತಾಯಿತು. ಇತರ ವಿಷಯಗಳಿಗೂ ಈ ಗಾಳಿ ಬೀಸಲು ಕಾರಣವಾದದ್ದು ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಸ್ಥಾಪಿಸಿದ ಶಿಕ್ಷಣ ಪ್ರತಿಷ್ಠಾನ. ಅದರ ಅಧ್ಯಕ್ಷರಾಗಿದ್ದ ಅರ್ನೆಸ್ಟ್ ಬಾಯರ್ 1990ರ ತಮ್ಮ ವರದಿಯಲ್ಲಿ, ಹೊಸತನ್ನು ಕಂಡುಹಿಡಿಯುವುದೊಂದೇ ಪಾಂಡಿತ್ಯವಲ್ಲ, ಬೋಧನೆಯೂ ಪಾಂಡಿತ್ಯದ ಒಂದು ಬಗೆ ಎಂದು ವಾದಿಸಿದರು. ಅವರ ನಂತರ ಬಂದ ಲೀ ಶುಲ್ಮನ್ ಅವರ ಕಾಲದಲ್ಲಿ, 1998ರಲ್ಲಿ, ಪ್ಯೂ ದತ್ತಿಯ ನೆರವಿನೊಂದಿಗೆ ಒಂದು ಯೋಜನೆ ಆರಂಭವಾಯಿತು. ಇತಿಹಾಸ, ಸಾಹಿತ್ಯ, ಗಣಿತ, ರಸಾಯನಶಾಸ್ತ್ರ ಹೀಗೆ ಬೇರೆ ಬೇರೆ ವಿಷಯಗಳ ಪ್ರಾಧ್ಯಾಪಕರನ್ನು ಆರಿಸಿ, ತಮ್ಮ ತರಗತಿಯ ಕಲಿಕೆಯನ್ನೇ ಸಂಶೋಧಿಸಲು ಫೆಲೋಶಿಪ್ ಕೊಟ್ಟರು. ಅವರಲ್ಲೊಬ್ಬರಾದ ರ್‍ಯಾಂಡಿ ಬಾಸ್ 1999ರಲ್ಲಿ ಬರೆದ ಒಂದು ವಿಚಾರ ನನಗೆ ಬಹಳ ಹಿಡಿಸಿತು. ಸಂಶೋಧನೆಯಲ್ಲಿ 'ನನಗೊಂದು ಸಮಸ್ಯೆಯಿದೆ' ಎಂದರೆ ಅದು ವಿದ್ವಾಂಸನ ಲಕ್ಷಣ. ಬೋಧನೆಯಲ್ಲಿ ಹಾಗೆಂದರೆ ಅದು ಅಸಮರ್ಥನ ಲಕ್ಷಣ. ಈ ತಾರತಮ್ಯ ಹೋಗಬೇಕೆಂಬುದು ಅವರ ಅಭಿಪ್ರಾಯದ ಸಾರ. ನನ್ನ ಅರ್ಜಿಗೆ ಉತ್ತರ ಏಕೆ ಬರಲಿಲ್ಲವೆಂಬುದು ಆಗ ನನಗೆ ಅರ್ಥವಾಯಿತು.

ಇನ್ನು ಕಾರ್ಲ್ ವೀಮನ್ ಅವರ ಪ್ರಸಂಗ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ನಮ್ಮ ಸತ್ಯೇಂದ್ರನಾಥ ಬೋಸರು ಬರೆದ ಪ್ರಬಂಧದ ಜಾಡಿನಲ್ಲಿ ಐನ್‌ಸ್ಟೈನ್ ಊಹಿಸಿದ ದ್ರವ್ಯಸ್ಥಿತಿಯನ್ನು 1995ರಲ್ಲಿ ಪ್ರಯೋಗಾಲಯದಲ್ಲಿ ಸಾಧಿಸಿ, 2001ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಇವರು. ಅಂಥವರು ತಮ್ಮ ಶ್ರಮವನ್ನು ವಿಜ್ಞಾನ ಬೋಧನೆಯತ್ತ ತಿರುಗಿಸಿ, 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ವಿಶ್ವವಿದ್ಯಾಲಯ ಈ ಕೆಲಸಕ್ಕೆಂದೇ ಒಂದು ಕೋಟಿಗೂ ಹೆಚ್ಚು ಡಾಲರ್ ತೆಗೆದಿರಿಸಿತು. ಹಣವನ್ನು ವ್ಯಕ್ತಿಗಳಿಗೆ ಕೊಡದೆ ವಿಭಾಗಗಳಿಗೆ ಸ್ಪರ್ಧೆಯ ಮೂಲಕ ಕೊಟ್ಟದ್ದು ವೀಮನ್ನರ ವಿಶೇಷ. ವಿಭಾಗಗಳು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಿತ್ತು: ವಿದ್ಯಾರ್ಥಿಗಳು ಏನನ್ನು ಕಲಿಯಬೇಕು, ನಿಜವಾಗಿ ಏನನ್ನು ಕಲಿಯುತ್ತಿದ್ದಾರೆ, ಯಾವ ಕ್ರಮದಿಂದ ಕಲಿಕೆ ಹೆಚ್ಚುತ್ತದೆ? ಹಣದ ಬಹುಪಾಲು ಹೋದದ್ದು ಕಟ್ಟಡಕ್ಕಲ್ಲ, ಯಂತ್ರಗಳಿಗಲ್ಲ. ವಿಷಯವನ್ನೂ ಬೋಧನೆಯ ಸಂಶೋಧನೆಯನ್ನೂ ಬಲ್ಲ ತರುಣರನ್ನು ವಿಭಾಗಗಳಲ್ಲಿ ನೇಮಿಸಿ, ಪ್ರಾಧ್ಯಾಪಕರ ಜೊತೆಯಲ್ಲಿ ಕುಳಿತು ಪಾಠಗಳನ್ನು ಮರುರೂಪಿಸಲು.

2011ರಲ್ಲಿ ಇಲ್ಲಿಂದ ಬಂದ ಒಂದು ಪ್ರಯೋಗ ಲೋಕದ ಗಮನ ಸೆಳೆಯಿತು. ಇನ್ನೂರೈವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳ ಎರಡು ತರಗತಿಗಳು. ಒಂದರಲ್ಲಿ ವಿದ್ಯಾರ್ಥಿಗಳ ಮೆಚ್ಚುಗೆ ಪಡೆದ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದರಲ್ಲಿ, ಒಂದು ವಾರದ ಮಟ್ಟಿಗೆ, ಹೊಸ ವಿಧಾನದಲ್ಲಿ ತರಬೇತಾದ ಅನನುಭವಿ ತರುಣರ ಪಾಠ. ಕೊನೆಯ ಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇಕಡ 41, ಎರಡನೆಯದರದು ಶೇಕಡ 74. ಒಂದು ವಾರದ ಪ್ರಯೋಗವೆಂದು ಆಕ್ಷೇಪಿಸಿದವರೂ ಇದ್ದರು, ಆ ಆಕ್ಷೇಪ ನ್ಯಾಯವೇ. ಆದರೆ 2014ರಲ್ಲಿ 225 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗಲೂ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಶೇಕಡ 33.8, ವಿದ್ಯಾರ್ಥಿಗಳು ಸಕ್ರಿಯವಾಗಿ ಪಾಲ್ಗೊಂಡ ತರಗತಿಗಳಲ್ಲಿ ಶೇಕಡ 21.8. ನೂರಕ್ಕೆ ಹನ್ನೆರಡು ಮಕ್ಕಳ ಭವಿಷ್ಯದ ಪ್ರಶ್ನೆ ಇದು.

ಇಷ್ಟು ಫಲ ಕೊಟ್ಟ ಮೇಲೆ ಇಂಥ ಅನುದಾನ ಸ್ಥಿರವಾಗಿ ನಿಂತಿರಬೇಕೆಂದು ನೀವು ಭಾವಿಸಬಹುದು. ಹಾಗಾಗಿಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ಐದು ವರ್ಷ 74 ಬೋಧನಾ ಉತ್ಕೃಷ್ಟತಾ ಕೇಂದ್ರಗಳಿಗೆ 31.5 ಕೋಟಿ ಪೌಂಡ್ ಸುರಿದರು. ಹಣ ಮುಗಿದೊಡನೆ ಅನೇಕ ಕೇಂದ್ರಗಳು ಮುಚ್ಚಿದವು ಅಥವಾ ಬೇರೆ ವಿಭಾಗಗಳಲ್ಲಿ ಕರಗಿದವು. ಆಸ್ಟ್ರೇಲಿಯಾ 2004ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಎರಡು ಬಾರಿ ಹೆಸರು ಬದಲಿಸಿ, 2016ರಲ್ಲಿ ಬಾಗಿಲು ಹಾಕಿತು. ಅಮೆರಿಕದ ವಿಜ್ಞಾನ ಪ್ರತಿಷ್ಠಾನ 1980ರ ದಶಕದ ಆರಂಭದಲ್ಲಿ ಶಿಕ್ಷಣ ವಿಭಾಗವನ್ನೇ ಮುಚ್ಚಿ ಪುನಃ ತೆರೆದಿತ್ತು. 2025ರಲ್ಲಿ ಅದು ರದ್ದುಪಡಿಸಿದ ಅನುದಾನಗಳಲ್ಲೂ ಶಿಕ್ಷಣ ಸಂಶೋಧನೆಯ ಪಾಲೇ ದೊಡ್ಡದಾಗಿತ್ತು. ಮನೆಯಲ್ಲಿ ಕಷ್ಟ ಬಂದಾಗ ಮೊದಲು ನಿಲ್ಲುವುದು ಮಕ್ಕಳ ಸಂಗೀತ ಪಾಠ ತಾನೆ?

ನಮ್ಮ ದೇಶದಲ್ಲಿ ಇಂಥದು ನಡೆದೇ ಇಲ್ಲವೆನ್ನಲಾಗದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ (ಈಗಿನ ನರ್ಮದಾಪುರಂ) 16 ಶಾಲೆಗಳಲ್ಲಿ ಪ್ರಯೋಗಾಧಾರಿತ ವಿಜ್ಞಾನ ಬೋಧನೆ ಆರಂಭವಾದಾಗ, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿಗಳಿಗೆ ಬಂದು ದುಡಿಯಲು ಯು.ಜಿ.ಸಿ. ಫೆಲೋಶಿಪ್ ಕೊಟ್ಟಿತ್ತು. ಆ ಕಾರ್ಯಕ್ರಮವನ್ನು 2002ರಲ್ಲಿ ಸರಕಾರ ನಿಲ್ಲಿಸಿತು. 1986ರ ಶಿಕ್ಷಣ ನೀತಿಯ ಫಲವಾಗಿ ಕಾಲೇಜು ಅಧ್ಯಾಪಕರಿಗೆ ತರಬೇತಿ ನೀಡುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಅವು ಬೇರೆ ಹೆಸರಿನಲ್ಲಿ ಮುಂದುವರಿದಿವೆ. ಆದರೆ ಕೆಲವು ವಾರಗಳ ತರಬೇತಿ ಪಡೆಯುವುದು ಬೇರೆ, ತನ್ನ ತರಗತಿಯನ್ನೇ ತಾನು ಪ್ರಶ್ನಿಸಿ ಪರಿಶೀಲಿಸುವುದು ಬೇರೆ. 2010ರ ಯು.ಜಿ.ಸಿ. ನಿಯಮಗಳು ಬಡ್ತಿಗೆ ಅಂಕ ಲೆಕ್ಕ ತಂದಾಗ ಪ್ರಬಂಧಗಳ ಸಂಖ್ಯೆ ಹೆಚ್ಚಿತೇ ಹೊರತು ಈ ಬಗೆಯ ಪ್ರಶ್ನೆಗಳು ಹೆಚ್ಚಿದ್ದನ್ನು ನಾನು ಕಾಣಲಿಲ್ಲ. ವೀಮನ್ ಕೂಡ 2017ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳುತ್ತಾರೆ: ಅಧ್ಯಾಪಕನನ್ನು ಸಂಶೋಧನಾ ಪ್ರಬಂಧಗಳಿಂದಲೇ ಅಳೆಯುವ ಪದ್ಧತಿ ಬೋಧನೆಯ ಸುಧಾರಣೆಗೆ ದೊಡ್ಡ ತೊಡಕು.

ಹಾಗಾದರೆ ಈ ಹಣದಿಂದ ದೊರೆತದ್ದೇನು? ನನಗೆ ತೋರುವಂತೆ ಎರಡೇ: ಬಿಡುವು ಮತ್ತು ಮರ್ಯಾದೆ. ತನ್ನ ಪಾಠ ತಲುಪಿತೇ ಎಂದು ನೋಡಲು ಬಿಡುವು, ತಲುಪಲಿಲ್ಲವೆಂದು ಬಾಯಿಬಿಟ್ಟು ಹೇಳಲು ಮರ್ಯಾದೆ. ಇವೆರಡಿಲ್ಲದೆ ಪ್ರಾಮಾಣಿಕನಾದ ಶಿಕ್ಷಕನೂ ಫಲಿತಾಂಶದ ಶೇಕಡಾವಾರಿನ ಹಿಂದೆ ಓಡುತ್ತಾನೆ. ನಾನೂ ಓಡಿದೆ. ನೋಟ್‌ಬುಕ್ಕು ಮುಚ್ಚಿದ್ದು ಕಚೇರಿಯಲ್ಲ, ನಾನೇ.

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಅಧ್ಯಾಪಕ. ಟ್ರಂಕಿನಿಂದ ನೋಟ್‌ಬುಕ್ ತೆಗೆದು ತೋರಿಸಿದೆ. ಪುಟ ತಿರುಗಿಸುತ್ತ ತನ್ನ ಹೆಸರಿನ ಮುಂದೆಯೂ ಮೇಲ್ಮುಖ ಬಾಣವಿರುವುದನ್ನು ಕಂಡು ನಕ್ಕ. "ಸಾರ್, ನಮ್ಮ ಬಿ.ಎಸ್ಸಿ. ಹುಡುಗರನ್ನೂ ಕೇಳಿ ನೋಡ್ತೀನಿ. ಆದರೆ ಇದಕ್ಕೆ ಪಾಯಿಂಟ್ ಸಿಗುತ್ತಾ ಸಾರ್?" ಎಂದ. ತಮಾಷೆಗೆ ಹೇಳಿದನೋ ನಿಜವಾಗಿ ಕೇಳಿದನೋ ತಿಳಿಯಲಿಲ್ಲ. ನೋಟ್‌ಬುಕ್ಕನ್ನು ಮಾತ್ರ ತೆಗೆದುಕೊಂಡು ಹೋದ.

ಓದುಗರಲ್ಲಿ ಅಧ್ಯಾಪಕರಿದ್ದರೆ ನಿಮ್ಮಲ್ಲೂ ಒಂದು ಬಿನ್ನಹ. ಪಾಠ ಮುಗಿದ ಮೇಲೆ ಒಮ್ಮೆ ಚೆಂಡನ್ನು ಮೇಲಕ್ಕೆ ಎಸೆದು ಕೇಳಿ ನೋಡಿ. ಬಾಣ ಎತ್ತ ಕಡೆಗೆ ಬಂದರೂ ಬರೆದಿಟ್ಟುಕೊಳ್ಳಿ.